ಲಾನಿಗೆ ಬಂದ ಹೊಲ

ಬೆಳಗಿನ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಕೆಂಪು ಮಣ್ಣಿನ ದೊಡ್ಡ ಗುಡ್ಡೆ ಬಿದ್ದಿತ್ತು. ಮಕ್ಕಳಿಗೆ ಆಡಲು ಲಾನ್ ಬೇಕು, ಟೆರೇಸಿನ ಮೇಲೆ ತರಕಾರಿ ಬೆಳೆಯಬೇಕು ಎಂದು ಅಸೋಸಿಯೇಷನ್ ಮೀಟಿಂಗಿನಲ್ಲಿ ತೀರ್ಮಾನವಾಗಿದ್ದು ಗೊತ್ತಿತ್ತು. ಮಣ್ಣು ಇಷ್ಟು ಬೇಗ ಬರುತ್ತದೆ ಎಂದು ಗೊತ್ತಿರಲಿಲ್ಲ. ಹತ್ತಿರ ಹೋಗಿ ಒಂದು ಹಿಡಿ ತೆಗೆದುಕೊಂಡೆ. ಅದು ನನ್ನ ಹಳೆಯ ಚಾಳಿ. ಸರ್ಕಾರದ ಭೂಸಂರಕ್ಷಣೆಯ ಕೆಲಸದಲ್ಲಿ ಇಡೀ ಸರ್ವೀಸನ್ನು ಚಿತ್ರದುರ್ಗ, ತುಮಕೂರಿನ ಒಣ ತಾಲ್ಲೂಕುಗಳಲ್ಲಿ ಕಳೆದವಳು ನಾನು. ಇಳಿಜಾರು ಅಳೆಯುವುದು, ಬದು ಹಾಕಿಸುವುದು, ನೀರು ಕೊರೆದ ಕೊರಕಲಿಗೆ ಕಲ್ಲು ಕಟ್ಟಿಸುವುದು, ಮಳೆ ಬಂದಾಗ ಮಣ್ಣು ಹೊಲದಲ್ಲೇ ಉಳಿಯುವ ಹಾಗೆ ಮಾಡುವುದು: ಇಷ್ಟೇ ನನ್ನ ಕೆಲಸವಾಗಿತ್ತು.

ಕೈಯಲ್ಲಿದ್ದ ಮಣ್ಣಿನಲ್ಲಿ, ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ರಾಗಿಯ ಕೂಳೆ ಇತ್ತು. ಬೇರು ಸಮೇತ. ಇನ್ನೊಂದು ಹಿಡಿ ತೆಗೆದೆ, ಎರೆಹುಳು ಸಿಕ್ಕಿತು. ಮತ್ತೊಂದರಲ್ಲಿ ಯಾವತ್ತೋ ಹಾಕಿದ ತಿಪ್ಪೆಗೊಬ್ಬರದ ಕಪ್ಪು ಉಂಡೆ. ಇದು ಗುಡ್ಡ ಅಗೆದು ತಂದ ಮಣ್ಣಲ್ಲ, ಬೇಸ್‌ಮೆಂಟ್ ತೋಡಿ ತೆಗೆದದ್ದೂ ಅಲ್ಲ. ಯಾರೋ ತಲೆಮಾರುಗಟ್ಟಲೆ ಉತ್ತು, ಗೊಬ್ಬರ ಹಾಕಿ, ಹದ ಮಾಡಿಕೊಂಡು ಬಂದ ಹೊಲದ ಮೇಲ್ಮಣ್ಣು. ಅದನ್ನು ಹಾಲಿನ ಕೆನೆ ತೆಗೆದ ಹಾಗೆ ಕೆರೆದು ಲಾರಿಗೆ ತುಂಬಿ ತಂದಿದ್ದಾರೆ. ಯಾತಕ್ಕೆ? ನಮ್ಮ ಅಪಾರ್ಟ್‌ಮೆಂಟಿನ ಹುಡುಗರು ಬರಿಗಾಲಲ್ಲಿ ಓಡಾಡುವುದಕ್ಕೆ.

ಅಸೋಸಿಯೇಷನ್ ಅಧ್ಯಕ್ಷರು, ಬ್ಯಾಂಕಿನಿಂದ ನಿವೃತ್ತರಾದವರು, ಕಾಫಿ ಲೋಟ ಹಿಡಿದುಕೊಂಡೇ ಕೆಳಗಿಳಿದು ಬಂದರು. ಮಣ್ಣು ಸಖತ್ತಾಗಿದೆ ಅಲ್ಲವಾ ಎಂದು ಕೇಳಿದರು. ಎಲ್ಲಿಂದ ತರಿಸಿದಿರಿ ಎಂದೆ. ಅವರಿಗೆ ಆಶ್ಚರ್ಯವಾಯಿತು.

"ನಿಮ್ಮ ತಮ್ಮನವರೇ ಅಲ್ವಾ ಮೇಡಂ ಸಪ್ಲೈ ಮಾಡಿದ್ದು? ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ನನಗೆ ಗೊತ್ತಿರಲಿಲ್ಲ. ತಮ್ಮ ಜಲ್ಲಿ, ಇಟ್ಟಿಗೆ, ಎಂ-ಸ್ಯಾಂಡ್ ಮಾರುತ್ತಾನೆ ಎಂಬುದಷ್ಟೇ ಗೊತ್ತಿತ್ತು. ಕೈಯಲ್ಲಿದ್ದ ಕೂಳೆಯನ್ನು ದುಪಟ್ಟಾದ ತುದಿಗೆ ಕಟ್ಟಿಕೊಂಡು, ಮನೆಗೂ ಹೋಗದೆ, ನೇರ ಜರಗನಹಳ್ಳಿಗೆ ನಡೆದೆ.

ನಾವು ಜರಗನಹಳ್ಳಿಯವರು. ನಾನು ಚಿಕ್ಕವಳಿದ್ದಾಗ ಅದು ಊರು. ನಮ್ಮ ಅಪ್ಪನಿಗೆ ಅಲ್ಲಿ ರಾಗಿ ಹೊಲವಿತ್ತು, ಸಾಲು ನಡುವೆ ಅವರೆ, ಅಂಚಿಗೆ ಹುಚ್ಚೆಳ್ಳು. ಈಗ ಆ ಹೊಲದ ಮೇಲೆ ತಮ್ಮ ಕಟ್ಟಿಸಿದ ಬಾಡಿಗೆ ಮನೆಗಳಿವೆ. ನೆಲಮಹಡಿಯಲ್ಲಿ ಅವನ ಅಂಗಡಿ. ನಾನು ಹೋದಾಗ ಅವನು ಫೋನಿನಲ್ಲಿ ಯಾರಿಗೋ ಲೋಡಿನ ಲೆಕ್ಕ ಹೇಳುತ್ತಿದ್ದ. ದುಪಟ್ಟಾದ ಗಂಟು ಬಿಚ್ಚಿ ಕೂಳೆಯನ್ನು ಅವನ ಮೇಜಿನ ಮೇಲಿಟ್ಟೆ. ಅದೇನೆಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ.

ಮೊದಲು ಕಾಫಿ ತರಿಸುತ್ತೇನೆ ಎಂದ. ಆಮೇಲೆ ಅದು ಪಾಳು ಜಮೀನು ಎಂದ. ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಜಾಗ, ಸಿಟಿಯವರು ಯಾರೋ ಫಾರಂ ಪ್ಲಾಟ್ ಮಾಡಲು ತೆಗೆದುಕೊಂಡಿದ್ದಾರೆ, ಲೆವೆಲ್ ಮಾಡಿಕೊಡು ಎಂದಿದ್ದಾರೆ, ಮಣ್ಣು ಹೇಗೂ ತೆಗೆಯಲೇಬೇಕಿತ್ತು, ನಾನಲ್ಲದಿದ್ದರೆ ಇನ್ನೊಬ್ಬ ತೆಗೆಯುತ್ತಿದ್ದ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಮುಗಿಸಿದ. ಪಾಳು ಜಮೀನಿನಲ್ಲಿ ಹೋದ ವರ್ಷದ ರಾಗಿ ಕೂಳೆ ಹೇಗೆ ಬಂತು ಎಂದು ಕೇಳಿದೆ. ಅವನು ಕೂಳೆಯನ್ನು ಮೇಜಿನ ಅಂಚಿಗೆ ಸರಿಸಿದ.

"ನೋಡ್ಬೇಕು ನಾನು," ಅಂದೆ. "ಈಗಲೇ ಕರ್ಕೊಂಡು ಹೋಗು."

ಅವನಿಗೆ ಇಷ್ಟವಿರಲಿಲ್ಲ. ಆದರೆ ಅಂಗಡಿಯ ಮುಂದೆ ಗಿರಾಕಿಗಳಿದ್ದರು, ನನ್ನ ದನಿ ಏರುತ್ತಿತ್ತು. ಕಾರಿನ ಕೀ ತೆಗೆದುಕೊಂಡ.

ಹಾರೋಹಳ್ಳಿ ದಾಟಿ ಆ ಜಾಗಕ್ಕೆ ಬಂದೆವು. ಸಣ್ಣ ಗುಡ್ಡವೊಂದರ ಇಳಿಜಾರು. ಕೆಳಗಿನ ಅಂಚಿನಲ್ಲಿ ಮಾತ್ರ ಹಳೆಯ ಹೊಲದ ಮಟ್ಟ ಉಳಿದಿತ್ತು, ಅದರ ಮೇಲೆ ಒಂದು ಹೊಂಗೆ ಮರ. ಮೇಲಕ್ಕೆ ನೋಡಿದರೆ ನೆಲವೆಲ್ಲ ಮೊಣಕಾಲಿನಷ್ಟು ಕೆಳಗೆ. ಜೆಸಿಬಿಯ ಹಲ್ಲಿನ ಗುರುತು ಸಾಲುಸಾಲಾಗಿ ಇಳಿಜಾರಿನ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ ಇಳಿದಿತ್ತು, ನೀರು ಓಡುವುದಕ್ಕೆಂದೇ ದಾರಿ ಗೀರಿಕೊಟ್ಟ ಹಾಗೆ. ಕೆನೆ ಹೋದ ಮೇಲೆ ಉಳಿದದ್ದು ಗರಸು, ಬರೀ ಕಲ್ಲುಚೂರಿನ ನೆಲ. ಕಾಲಲ್ಲಿ ಒದ್ದರೆ ಟಣ್ ಅನ್ನುವಷ್ಟು ಗಟ್ಟಿ. ಬದುಗಳಿದ್ದ ಜಾಗದಲ್ಲಿ ಬದುಗಳಿರಲಿಲ್ಲ. ಇಂಥ ನೆಲದ ಮೇಲೆ ಬಿದ್ದ ಮಳೆ ಒಳಗೆ ಇಳಿಯುವುದಿಲ್ಲ, ಓಡುತ್ತದೆ. ಓಡುವಾಗ ಕೆಳಗಿನವರ ಮಣ್ಣನ್ನೂ ಎತ್ತಿಕೊಂಡು ಹೋಗುತ್ತದೆ. ಮರುಭೂಮಿ ಅಂದರೆ ಜನಕ್ಕೆ ಒಂಟೆ, ಮರಳುಗುಡ್ಡೆ ನೆನಪಾಗುತ್ತದೆ. ನಾನು ಕೆಲಸ ಮಾಡಿದ ಕಡೆಯೆಲ್ಲ ಅದು ಹೀಗೆಯೇ ಶುರುವಾಗುತ್ತಿತ್ತು, ಒಂದು ಇಳಿಜಾರಿನಿಂದ. ಅಲ್ಲಿ ಅದನ್ನು ಮಾಡುತ್ತಿದ್ದದ್ದು ಗಾಳಿ, ಮಳೆ, ಮೇಯುವ ಕುರಿ. ನಿಧಾನವಾಗಿ. ಇಲ್ಲಿ ನನ್ನ ತಮ್ಮ ಒಂದೇ ವಾರದಲ್ಲಿ ಮಾಡಿ ಮುಗಿಸಿದ್ದ.

ಕೆಳಗಿನ ಹೊಲದಲ್ಲಿ ಒಬ್ಬ ಹೆಂಗಸು ಕಳೆ ಕೀಳುತ್ತಿದ್ದಳು. ನಲವತ್ತರ ಆಸುಪಾಸು, ತಲೆಗೆ ಗಂಡಸರ ಟವೆಲ್ ಸುತ್ತಿಕೊಂಡಿದ್ದಳು. ಕಾರು ಕಂಡದ್ದೇ ಕುಡುಗೋಲು ಹಿಡಿದುಕೊಂಡು ಎದ್ದು ಬಂದಳು. ತಮ್ಮನ ಗುರುತು ಅವಳಿಗಿತ್ತು. ಅವನ ಕಡೆ ನೋಡದೆ ನನ್ನನ್ನೇ ಕೇಳಿದಳು.

"ನೀವು ಪ್ಲಾಟ್ ತಕಳ್ಳೋರಾ?"

ಅಲ್ಲ, ಮಣ್ಣು ನೋಡಲು ಬಂದೆ ಎಂದೆ. ಅವಳು ನಕ್ಕಳು. ಆ ನಗು ಚೆನ್ನಾಗಿರಲಿಲ್ಲ.

"ಮಣ್ಣು ಬೆಂಗ್ಳೂರಲ್ಲೈತೆ. ಇಲ್ಲೇನು ನೋಡ್ತೀರಿ?"

ಆಮೇಲೆ ಅವಳೇ ತನ್ನ ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ಮೊದಲ ಮಳೆಗೇ ಮೇಲಿನ ನೀರು ನುಗ್ಗಿ ಅವಳ ಬದುವನ್ನು ಒಡೆದಿತ್ತು. ಹೊಲದ ನಡುವೆ ಕೊರಕಲು, ನಾನು ಇಳಿದು ನಿಂತರೆ ತೊಡೆಯವರೆಗೆ ಬರುವಷ್ಟು. ಕೆಳತುದಿಯಲ್ಲಿ ಗರಸು ಬಂದು ಹಾಸಿಕೊಂಡಿತ್ತು, ಅವರೆ ಸಸಿಗಳು ಅದರಡಿ ಹೂತುಹೋಗಿದ್ದವು. ಅವಳು ಪಂಚಾಯಿತಿಗೂ ಹೋಗಿ ಕೇಳಿದ್ದಳಂತೆ. ಅದು ಅವರ ಸ್ವಂತ ಜಮೀನು, ಅವರ ಮಣ್ಣು, ನಾವೇನು ಮಾಡಲಾಗುತ್ತದೆ ಅಂದರಂತೆ. ಅವರ ಮಣ್ಣು ಸರಿ, ಅವರ ನೀರನ್ನು ನನ್ನ ಹೊಲಕ್ಕೆ ಯಾಕೆ ಬಿಟ್ಟರು ಎಂದು ಅವಳು ಕೇಳಿದಳಂತೆ. ಅದಕ್ಕೆ ನಾಳೆ ಬಾ ಅಂದರಂತೆ.

ತಮ್ಮ ದೂರದಲ್ಲೇ ನಿಂತು ಫೋನ್ ನೋಡುತ್ತಿದ್ದ. ಬದು ಹಾಕಿಸುವುದು, ಕೊರಕಲು ಕಟ್ಟಿಸುವುದೇ ನನ್ನ ಕೆಲಸವಾಗಿತ್ತು ಎಂದು ಹೇಳಿ, ನಾನು ಆ ಹೆಂಗಸಿನ ನಂಬರ್ ತೆಗೆದುಕೊಂಡು, ನನ್ನದನ್ನು ಕೊಟ್ಟೆ.

ವಾಪಸ್ ಬರುವಾಗ ಕಾರಿನಲ್ಲಿ ಜಗಳವಾಯಿತು. ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ಕಳ್ಳ ಅಂದಿದ್ದು ನೆನಪಿದೆ. ಅವನು ಒಂದೇ ಮಾತು ಕೇಳಿದ.

"ಅಪ್ಪನ ಹೊಲದ ಮೇಲೆ ಸಿಮೆಂಟ್ ಹಾಕಿದಾಗ ಎಲ್ಲಿದ್ದೆ ಅಕ್ಕ? ಆಗ ಯಾಕೆ ಸಿಟ್ಟು ಬರ್ಲಿಲ್ಲ?"

"ಅಲ್ಲಿ ಜನ ಇದ್ದಾರೆ," ಅಂದೆ. "ಮನೆ ಬೇಕು ಅಂತ ಬಂದವರು. ಇದು ಲಾನಿಗೆ. ನೋಡಕ್ಕೆ ಚೆನ್ನಾಗಿರ್ಲಿ ಅಂತ."

"ನಿಮ್ಮ ಅಪಾರ್ಟ್‌ಮೆಂಟಿನೋರೇ ಕೇಳಿದ್ದು. ಹೋಗಿ ಅವ್ರಿಗೆ ಹೇಳು."

ಆ ಮಾತು ನಿಜವಾದ್ದರಿಂದಲೇ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಹಾರೋಹಳ್ಳಿಯಲ್ಲಿ ಸಿಗ್ನಲ್ಲಿಗೆ ಕಾರು ನಿಂತಾಗ ಬಾಗಿಲು ತೆಗೆದು ಇಳಿದುಬಿಟ್ಟೆ. ಬಸ್ಸಿನಲ್ಲಿ ಬರುತ್ತೇನೆ, ನೀನು ಹೋಗು ಅಂದೆ. ಅವನು ಸ್ವಲ್ಪ ಹೊತ್ತು ಕಾದು, ಹಿಂದಿನವರು ಹಾರನ್ ಹೊಡೆದ ಮೇಲೆ ಹೋದ. ನಾನು ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದೆ.

ಭಾನುವಾರದ ಅಸೋಸಿಯೇಷನ್ ಮೀಟಿಂಗಿನಲ್ಲಿ ಲಾನಿನ ವಿಷಯವನ್ನು ನಾನೇ ಎತ್ತಿದೆ. ಅಷ್ಟರಲ್ಲಿ ಮಣ್ಣು ಹರಡಿ, ಹುಲ್ಲಿನ ಹಾಸು ಹೊದಿಸಿ, ನೀರು ಬಿಟ್ಟಾಗಿತ್ತು. ನೋಡಿದ್ದನ್ನೆಲ್ಲ ಹೇಳಿದೆ. ಜನ ಮರ್ಯಾದೆಯಿಂದ ಕೇಳಿಸಿಕೊಂಡರು. ಮರ್ಯಾದೆ ಅಂದರೆ, ಯಾರೂ ಎದ್ದು ಹೋಗಲಿಲ್ಲ. ಕೇಳಿ ಮುಗಿದ ಮೇಲೆ ಒಬ್ಬರು ಎಲ್ಲರೂ ತರಿಸುತ್ತಾರಲ್ಲ ಎಂದರು. ಇನ್ನೊಬ್ಬರು ಮಣ್ಣು ಮಣ್ಣೇ ತಾನೆ, ಅಲ್ಲಿದ್ದರೇನು ಇಲ್ಲಿದ್ದರೇನು, ಇಲ್ಲೂ ಗಿಡವೇ ಬೆಳೆಯುತ್ತದೆ ಎಂದರು. ಇಲ್ಲಿ ಬೆಳೆದರೆ ಪರಿಸರಕ್ಕೆ ಒಳ್ಳೆಯದು ಎಂದವರೂ ಇದ್ದರು. ಆ ಮಾತು ಕೇಳಿದ ಮೇಲೆ ನನಗೆ ಕೂರಲು ಆಗಲಿಲ್ಲ.

ಒಂದು ಬೆರಳು ದಪ್ಪದ ಮೇಲ್ಮಣ್ಣು ಆಗಬೇಕಾದರೆ ಎಷ್ಟು ತಲೆಮಾರು ಬೇಕು ಗೊತ್ತೇ ಎಂದು ಕೇಳಿದೆ. ಕಲ್ಲು ಕರಗಬೇಕು, ಬೇರು ಇಳಿಯಬೇಕು, ಎಲೆ ಕೊಳೆಯಬೇಕು, ಹುಳು ಹುಪ್ಪಟೆ ಅದನ್ನು ತಿಂದು ಬಿಡಬೇಕು. ಅದು ಕಾರ್ಖಾನೆಯಲ್ಲಿ ಆಗುವ ಮಾಲಲ್ಲ. ಒಂದು ಕಡೆ ಕೆರೆದು ಇನ್ನೊಂದು ಕಡೆ ಸುರಿದರೆ ಎರಡು ಕಡೆಯೂ ಮಣ್ಣಿದೆ ಅಂದುಕೊಳ್ಳುತ್ತೀರಿ. ಕೆರೆದ ಕಡೆ ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ರಾಗಿ ಆಗುವುದಿಲ್ಲ. ಅಧ್ಯಕ್ಷರು ನೀರಿನ ಬಾಟಲಿ ಮುಂದಿಟ್ಟರು. ನಾನು ಅದನ್ನು ಮುಟ್ಟಲಿಲ್ಲ.

ಟೆರೇಸಿನ ತೋಟಕ್ಕೆ ಇನ್ನೂ ಮಣ್ಣು ಬರಬೇಕಿತ್ತು. ಅದನ್ನು ತರಿಸಬೇಡಿ ಎಂದು ಕೇಳಿದೆ. ಪಕ್ಕದ ರಸ್ತೆಯಲ್ಲಿ ಬೇಸ್‌ಮೆಂಟ್ ತೋಡಿ ತೆಗೆದ ಮಣ್ಣು ಬಿದ್ದಿದೆ, ಅದು ಸತ್ತ ಮಣ್ಣು ನಿಜ, ಆದರೆ ಜಯನಗರ, ಜೆ.ಪಿ. ನಗರದ ರಸ್ತೆಗಳಲ್ಲಿ ಉದುರುವ ಎಲೆಯನ್ನೆಲ್ಲ ಗುಡಿಸಿ ಬೆಂಕಿ ಇಡುತ್ತೀರಲ್ಲ, ಅದನ್ನೂ ನಮ್ಮ ಅಡುಗೆಮನೆಯ ಹಸಿ ಕಸವನ್ನೂ ಕೊಳೆಸಿ ಅದರಲ್ಲಿ ಬೆರೆಸಿದರೆ ಬದುಕುತ್ತದೆ, ನಾನೇ ಮಾಡಿಕೊಡುತ್ತೇನೆ ಎಂದೆ. ವಾಸನೆ ಬರುತ್ತದೆ ಎಂದರು. ಬರುವುದಿಲ್ಲ ಎಂದೆ. ಬಂದರೆ ಎಂದರು. ಕೊನೆಗೆ, ಒಪ್ಪಿಯಲ್ಲ, ಮಾತು ಮುಗಿದರೆ ಸಾಕು ಎಂದು, ಟೆರೇಸಿನ ಕೆಲಸ ನನಗೆ ಬಿಟ್ಟರು. ಲಾನಿನ ಮಣ್ಣು ಮಾತ್ರ ಲಾನಿನಲ್ಲೇ ಉಳಿಯಿತು.

ಅದಾದ ಕೆಲವು ದಿನಕ್ಕೆ ತಮ್ಮನ ಫೋನ್ ಬಂತು. ಬೈಗುಳದಿಂದಲೇ ಶುರುಮಾಡಿದ.

"ನೀನೇ ಹೇಳಿಕೊಟ್ಟಿದೀಯ ಅವಳಿಗೆ."

ಏನಾಯಿತೆಂದು ಕೇಳಿದೆ. ಮೇಲಿನ ಜಮೀನಿಗೆ ಹೋಗುವ ಬಂಡಿದಾರಿ ಆ ಹೆಂಗಸಿನ ಹೊಲದಲ್ಲಿ ಹಾದುಹೋಗುತ್ತಿತ್ತಂತೆ. ಅವಳು, ಅವಳ ಅತ್ತೆ, ಜೊತೆಗೆ ನಾಲ್ಕು ಮನೆಯವರು ಸೇರಿ ಆ ದಾರಿಯನ್ನು ಉತ್ತು ಅಡ್ಡಲಾಗಿ ಆಳವಾದ ಕಾಲುವೆ ತೋಡಿಬಿಟ್ಟಿದ್ದರು. ತಮ್ಮನ ಜೆಸಿಬಿ ಕೆಳಗಿಳಿಯಲಾಗದೆ ಮೇಲಿನ ಜಮೀನಿನಲ್ಲೇ ಸಿಕ್ಕಿಕೊಂಡಿತ್ತು. ಕಾಲುವೆ ಮುಚ್ಚಲು ಹೋದ ಡ್ರೈವರ್ ಕೆಳಗಿಳಿದು ನೋಡಿದರೆ ಅವಳ ಅತ್ತೆ ಕಾಲುವೆಯೊಳಗೆ ಗೋಣಿಚೀಲ ಹಾಸಿಕೊಂಡು ಕೂತು ಎಲೆ ಅಡಿಕೆ ಹಾಕುತ್ತಿದ್ದಳಂತೆ.

ನಾನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವಷ್ಟು ಬುದ್ಧಿ ನನಗೆ ಹೊಳೆದಿದ್ದರೆ ಖಂಡಿತ ಹೇಳಿಕೊಡುತ್ತಿದ್ದೆ. ಎಷ್ಟೋ ದಿನದ ಮೇಲೆ ನನಗೆ ನಗು ಬಂತು. ಅದು ಫೋನಿನಲ್ಲಿ ಅವನಿಗೆ ಕೇಳಿಸಿತು.

ಆ ಹೆಂಗಸಿಗೆ ಫೋನ್ ಮಾಡಿದೆ. ಜೆಸಿಬಿ ಬಿಡಲು ಅವಳ ಷರತ್ತು ಒಂದೇ ಆಗಿತ್ತು.

"ಕೆಡಿಸಿರೋದನ್ನ ಅದೇ ಮಿಷನ್ನು ಸರಿ ಮಾಡ್ಲಿ, ಆಮೇಲೆ ಹೋಗ್ಲಿ. ಎಂಗೆ ಸರಿ ಮಾಡಬೇಕು ಅಂತ ನೀವು ಹೇಳಿ. ಅದು ನಿಮ್ಮ ಕೆಲ್ಸ ಅಂದ್ರಲ್ಲ."

ತಮ್ಮನಿಗೆ ಬೇರೆ ದಾರಿ ಇರಲಿಲ್ಲ. ಜಮೀನು ತೆಗೆದುಕೊಂಡ ಲೇಔಟಿನವರಿಗೆ ಅವನೇ ಫೋನ್ ಮಾಡಿ ಕೇಳಿದ. ಮಳೆನೀರು ಇಂಗಿಸುವ ಕಾಲುವೆ ಅಂದರೆ ಬ್ರೋಷರಿನಲ್ಲಿ ಹಾಕಿಕೊಳ್ಳಲು ಚೆನ್ನಾಗಿರುತ್ತದೆ, ಮಾಡಿ ಅಂದರಂತೆ. ಅದನ್ನು ಕೇಳಿ ಮತ್ತೆ ನನ್ನ ಮೈ ಉರಿಯಿತು. ಆದರೆ ಸುಮ್ಮನಿದ್ದೆ. ಕೆಲಸ ಆಗಬೇಕಿತ್ತು.

ಮರುದಿನ ಬೆಳಗ್ಗೆಯೇ ಹೋದೆ. ಮೂರು ಕೋಲು ಕಟ್ಟಿ ನಡುವೆ ದಾರಕ್ಕೆ ಕಲ್ಲು ತೂಗುಬಿಟ್ಟು, ಇಳಿಜಾರಿನಲ್ಲಿ ಒಂದೇ ಮಟ್ಟದ ಗೆರೆ ಹುಡುಕುವ ಸಾಧನ ಮಾಡಿಕೊಂಡೆ. ಸರ್ವೀಸಿನಲ್ಲಿದ್ದಾಗ ಇಂಥದ್ದನ್ನೇ ಹೊತ್ತುಕೊಂಡು ಊರೂರು ತಿರುಗುತ್ತಿದ್ದೆ. ಕೆಲಸ ಮೇಲಿನಿಂದ ಶುರುವಾಗಬೇಕು, ಕೆಳಗಿನಿಂದಲ್ಲ. ನೀರು ಹುಟ್ಟುವ ಕಡೆಯೇ ಅದರ ಓಟ ಕಡಿಮೆ ಮಾಡದಿದ್ದರೆ ಕೆಳಗೆ ಎಷ್ಟು ಗಟ್ಟಿ ಕಟ್ಟಿದರೂ ಕೊಚ್ಚಿಕೊಂಡು ಹೋಗುತ್ತದೆ. ಗುಡ್ಡದ ನೆತ್ತಿಯಿಂದ, ಇಳಿಜಾರಿಗೆ ಅಡ್ಡಲಾಗಿ, ಒಂದರ ಕೆಳಗೊಂದು ಕಾಲುವೆ ಗುರುತು ಹಾಕಿಕೊಂಡು ಬಂದೆ. ತೋಡಿದ ಮಣ್ಣನ್ನು ಕೆಳಗಿನ ಅಂಚಿಗೆ ಹಾಕಿದರೆ ಅದೇ ಬದು.

ಡ್ರೈವರ್ ಮೊದಲ ಕಾಲುವೆಯನ್ನು ನೆಟ್ಟಗೆ ಎಳೆದುಬಿಟ್ಟ. ಇಳಿಜಾರು ತಿರುಗಿದ ಕಡೆ ಅದೂ ತಿರುಗಬೇಕು ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ತಮ್ಮ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕೂತಿದ್ದ. ಎರಡನೆಯ ಸಲವೂ ತಪ್ಪಾದಾಗ ಬಾಗಿಲು ತೆಗೆದು ಇಳಿದು ಬಂದು, ಡ್ರೈವರನ ಕೈಗೆ ಒಂದು ಏಟು ಕೊಟ್ಟು, ಜೆಸಿಬಿಯ ಪಕ್ಕದಲ್ಲೇ ನಡೆಯುತ್ತ, ಇಲ್ಲಿ ತಿರುಗಿಸು, ಇಲ್ಲಿ ಎತ್ತು ಎಂದು ಹೇಳಿಕೊಟ್ಟ. ಅಪ್ಪನ ಜೊತೆ ಬದು ಹಾಕಿದ ಕೈ ಅವನದು. ಅದನ್ನು ನೋಡಿ ನನಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇಷ್ಟು ಗೊತ್ತಿದ್ದೂ ಮಾಡಿದನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಮೇಲಿನ ಕೆಲಸ ಮುಗಿದ ಮೇಲೆ ಆ ಹೆಂಗಸಿನ ಹೊಲದ ಕೊರಕಲಿಗೆ ಬಂದೆವು. ಅಲ್ಲಿ ಮಿಷನ್ ಬೇಡ, ಕೈಯೇ ಬೇಕು. ಕಲ್ಲನ್ನು ಅಡ್ಡಲಾಗಿ ಜೋಡಿಸಬೇಕು, ಎರಡು ತುದಿ ದಡದೊಳಗೆ ಹೂತಿರಬೇಕು, ನಡುವೆ ಸ್ವಲ್ಪ ತಗ್ಗಿರಬೇಕು. ನೀರು ನಡುವಿನಿಂದ ಇಳಿದು ಹೋಗಲಿ, ತಂದ ಮಣ್ಣನ್ನು ಹಿಂದೆ ಬಿಟ್ಟು ಹೋಗಲಿ. ಊರಿನವರು ಕಲ್ಲು ಹೊತ್ತರು. ನನ್ನ ಸೊಂಟ ಮೊದಲ ದಿನವೇ ಕೈಕೊಟ್ಟಿತು. ಆ ಹೆಂಗಸಿನ ಅತ್ತೆ ಪಕ್ಕದಲ್ಲಿ ಕೂತು, ಆ ಕಲ್ಲು ಅಲ್ಲಾಡ್ತೈತೆ, ಈ ಕಲ್ಲು ಕುಂತಿಲ್ಲ ಎಂದು ತಪ್ಪು ಹುಡುಕುತ್ತಿದ್ದಳು. ಆ ಮುದುಕಿಯ ಕಣ್ಣಿಗೆ ಒಪ್ಪಿಗೆಯಾಗುವ ಹಾಗೆ ನಾವು ಒಂದು ಸಾಲನ್ನೂ ಕಟ್ಟಲಿಲ್ಲ.

ಬದುವಿನ ಮೇಲೆ ಲಾವಂಚ ನೆಡಬೇಕೆಂದು ನಾನು ಹೇಳಿದ್ದೆ. ಅದರ ಬೇರು ನೇರ ಕೆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ, ದನ ತಿನ್ನುವುದಿಲ್ಲ. ಹೊಲದ ಬರಿದಾದ ಭಾಗಕ್ಕೆ ಮೊದಲ ವರ್ಷ ರಾಗಿ ಬೇಡ, ಹುರುಳಿ ಹಾಕು, ನೆಲ ಮುಚ್ಚುತ್ತದೆ, ಕಟಾವು ಮಾಡದೆ ಹಸಿರಿದ್ದಾಗಲೇ ಅಲ್ಲೇ ಉತ್ತು ಮುಚ್ಚು, ಗೊಬ್ಬರವಾಗುತ್ತದೆ ಅಂದೆ. ಸೊಸೆ ಹುರುಳಿ ಒಪ್ಪಿದಳು, ಉತ್ತು ಮುಚ್ಚುವುದನ್ನು ಒಪ್ಪಲಿಲ್ಲ. ತಿನ್ನೋದನ್ನ ಯಾಕೆ ಮುಚ್ಚಲಿ ಎಂದು ಕೇಳಿದಳು. ಅರ್ಧ ಕಿತ್ತುಕೊಂಡು ಅರ್ಧ ಬಿಡು ಎಂಬಲ್ಲಿಗೆ ನಿಂತಿತು.

ಜೆಸಿಬಿ ಹೋಯಿತು. ತಮ್ಮ ಹೋಗುವಾಗ ನನ್ನನ್ನು ಕಾರಿನಲ್ಲಿ ಬಾ ಎಂದು ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಮಳೆ ಚೆನ್ನಾಗಿಯೇ ಬಂತು. ಮರುದಿನ ಆ ಹೆಂಗಸು ಫೋನ್ ಮಾಡಿ, ನೀರು ಕಾಲುವೆಯಲ್ಲಿ ನಿಂತಿದೆ, ಹೊಲಕ್ಕೆ ಇಳಿದದ್ದು ತಿಳಿನೀರು ಎಂದಳು. ತಿಳಿನೀರು ಎಂದು ಎರಡು ಸಲ ಹೇಳಿದಳು. ಆ ವಾರವೆಲ್ಲ ನಾನು ಟೆರೇಸಿನಲ್ಲಿ ಎಲೆ ಗೊಬ್ಬರ ತಿರುವಿ ಹಾಕುತ್ತ ಹಗುರಾಗಿದ್ದೆ. ವಾಸನೆ ಬಂದಿರಲಿಲ್ಲ. ಅಧ್ಯಕ್ಷರ ಹೆಂಡತಿ ಬೀನ್ಸ್ ಬೀಜ ತಂದು ಕೊಟ್ಟಿದ್ದರು.

ಆದರೆ ಲೇಔಟಿನವರು ಹೊಸ ದಾರಿ ಮಾಡಿಕೊಂಡು ಇನ್ನೊಂದು ಕಡೆಯಿಂದ ಬಂದರು. ಪ್ಲಾಟುಗಳಿಗೆ ರಸ್ತೆ ಬೇಕು. ಗುಡ್ಡದ ನೆತ್ತಿಯಿಂದ ಕೆಳಗಿನವರೆಗೆ ನೇರ ರಸ್ತೆ ಎಳೆದರು, ನಾವು ಹಾಕಿದ ಬದುಗಳನ್ನೆಲ್ಲ ನಡುಮಧ್ಯೆ ಕತ್ತರಿಸಿಕೊಂಡು. ರಸ್ತೆಯೇ ಕಾಲುವೆಯಾಯಿತು. ಮುಂದಿನ ಮಳೆಯ ನೀರೆಲ್ಲ ಅದರಲ್ಲಿ ಓಡಿ ಬಂದು ಅವಳ ಹೊಲದ ಮೂಲೆಗೆ ನುಗ್ಗಿತು. ಕೊರಕಲಿಗೆ ಕಟ್ಟಿದ ಕಲ್ಲಿನ ಸಾಲುಗಳಲ್ಲಿ ಮೇಲಿನದು ಕಿತ್ತುಹೋಯಿತು. ಉಳಿದವು ನಿಂತವು.

ಲೇಔಟಿನವರ ಆಫೀಸು ಬಿಟಿಎಂ ಲೇಔಟಿನಲ್ಲಿ, ಪಿ.ಜಿ.ಗಳ ಸಾಲಿನ ನಡುವೆ ಒಂದು ಮಹಡಿಯ ಮೇಲೆ. ಹುಡುಕಿಕೊಂಡು ಹೋದೆ. ರಿಸೆಪ್ಷನ್ನಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆ ಗುಡ್ಡದ ಮಾದರಿ ಇತ್ತು, ಹಸಿರು ಸ್ಪಂಜಿನ ಮರಗಳು. ಅಲ್ಲಿನ ಇಂಜಿನಿಯರ್ ವಿನಯದಿಂದಲೇ ಮಾತಾಡಿದರು. ಡ್ರಾಯಿಂಗ್ ಅಪ್ರೂವ್ ಆಗಿದೆ, ರಸ್ತೆ ಬದಲಾಯಿಸಲು ಬರುವುದಿಲ್ಲ ಎಂದರು. ರಸ್ತೆ ಇರಲಿ, ಅದರ ನೀರನ್ನು ಅಲ್ಲಲ್ಲಿ ನಮ್ಮ ಕಾಲುವೆಗಳಿಗೆ ತಿರುಗಿಸಿ ಎಂದೆ. ನೋಡುತ್ತೇವೆ ಎಂದರು.

"ಯಾವಾಗ ನೋಡ್ತೀರಿ? ನಾನು ಇಲ್ಲೇ ಕೂತಿರ್ತೀನಿ. ನೀವು ಹೊರಟಾಗ ಜೊತೆಗೆ ಬರ್ತೀನಿ."

ಅವರು ತಮಾಷೆ ಅಂದುಕೊಂಡರು. ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲ ಎಂದು ಗೊತ್ತಾಯಿತು. ಪ್ಲಾಟ್ ನೋಡಲು ಬಂದ ಗಂಡ ಹೆಂಡತಿಗೆ ನಾನು ಗಾಜಿನ ಪೆಟ್ಟಿಗೆಯ ಪಕ್ಕ ನಿಂತು, ಈ ಹಸಿರು ಇರುವ ಕಡೆ ನಿಜವಾಗಿ ಗರಸಿದೆ, ಮೇಲಿನ ಮಣ್ಣು ಜೆ.ಪಿ. ನಗರದಲ್ಲಿದೆ, ಬೇಕಾದರೆ ತೋರಿಸುತ್ತೇನೆ ಎಂದು ವಿವರಿಸುತ್ತಿದ್ದಾಗ ಇಂಜಿನಿಯರ್ ಒಳಗಿನಿಂದ ಓಡಿ ಬಂದರು. ಅದೇ ವಾರ ಸೈಟಿಗೆ ಬಂದರು. ಆ ಹೆಂಗಸು ಅವರನ್ನು ತನ್ನ ಹೊಲದ ಮೂಲೆಗೆ ಕರೆದುಕೊಂಡು ಹೋಗಿ, ಹೊಸದಾಗಿ ಬಂದು ಬಿದ್ದ ಗರಸಿನ ಮೇಲೆ ನಿಲ್ಲಿಸಿ, ತಾನು ಕಳೆ ಕೀಳಲು ಹೋದಳು. ಅವರು ಬಿಸಿಲಲ್ಲಿ ಒಬ್ಬರೇ ನಿಂತಿದ್ದರು.

ರಸ್ತೆಗೆ ಅಡ್ಡಲಾಗಿ, ನೀರನ್ನು ನಮ್ಮ ಕಾಲುವೆಗಳಿಗೆ ತಿರುಗಿಸುವ ಕಲ್ಲಿನ ದಿಂಡುಗಳನ್ನು ಹಾಕಿಕೊಟ್ಟರು. ಎಲ್ಲ ಕಡೆ ಅಲ್ಲ, ಪ್ಲಾಟಿನವರ ಗೇಟಿಗೆ ಅಡ್ಡ ಬರದ ಕಡೆ ಮಾತ್ರ. ಅವಳ ಹೊಲದಲ್ಲಿ ಉಳಿದ ಕಲ್ಲಿನ ಸಾಲುಗಳ ಹಿಂದೆ ಗೇಣುದ್ದ ಮಣ್ಣು ನಿಂತಿದೆ, ಅದರಲ್ಲಿ ಅವಳು ಅವರೆ ಹಾಕಿದ್ದಾಳೆ. ಮೇಲಿನ ಇಳಿಜಾರು ಇನ್ನೂ ಬೋಳಾಗಿಯೇ ಇದೆ. ಕಾಲುವೆಯ ಅಂಚಿನಲ್ಲಿ ಮಾತ್ರ ಒಂದಿಷ್ಟು ಹುಲ್ಲು, ನಾವು ನೆಟ್ಟ ಲಾವಂಚದ ತುಂಡು ತುಂಡು ಸಾಲು. ತಮ್ಮ ಆ ಊರಿನ ಕಡೆ ಲಾರಿ ಕಳಿಸುವುದನ್ನು ನಿಲ್ಲಿಸಿದ್ದಾನೆ. ಬೇರೆ ಎಲ್ಲಿಂದಲೋ ತರಿಸುತ್ತಾನೆ, ಎಲ್ಲಿಂದ ಎಂದು ನನಗೆ ಹೇಳುವುದಿಲ್ಲ. ಹಬ್ಬಕ್ಕೆ ಹೋದಾಗ ಕೇಳಿದೆ. ಊಟ ಮಾಡು ಅಕ್ಕ ಎಂದ. ನಾನು ಎಲೆ ಮುಂದೆ ಕೂತು ಮತ್ತೆ ಕೇಳಿದೆ. ಅವನು ಎದ್ದು ಅಂಗಡಿಗೆ ಹೋದ.

ಬಿಟಿಎಂನಲ್ಲೂ ಅರೆಕೆರೆಯಲ್ಲೂ ಹೊಸ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಅವರು ಲಾನಿಗೆ ಮಣ್ಣು ತರಿಸುವ ಮೊದಲೇ ಮಾತಾಡಬೇಕೆಂದು, ಅವುಗಳ ಅಸೋಸಿಯೇಷನ್ನುಗಳ ನಂಬರುಗಳನ್ನು ಒಂದೊಂದಾಗಿ ಹುಡುಕಿಕೊಳ್ಳುತ್ತಿದ್ದೇನೆ. ನಾಳೆ ಅರೆಕೆರೆಯದೊಂದು ಮೀಟಿಂಗಿಗೆ ಹೋಗುತ್ತಿದ್ದೇನೆ. ಕರೆದಿಲ್ಲ, ನಾನೇ ಹೋಗುತ್ತಿದ್ದೇನೆ.